ಕಬ್ಬಿಣದ ಕೆಲಸ: ಐಟಿಐಯಿಂದ ಬಿಟೆಕ್‌ವರೆಗಿನ ದಾರಿ

ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ವೆಲ್ಡಿಂಗ್, ಫ್ಯಾಬ್ರಿಕೇಶನ್ ಕಲಿಯಬೇಕು ಅಂತಿರುವವರಿಗೆ ಈ ಟಿಪ್ಪಣಿ. ತಲಪಾಡಿಯಿಂದ ಚೆಂಗಳದ ಕಡೆಗೆ ಹೆದ್ದಾರಿ 66ರ ಆರು ಪಥದ ಕೆಲಸ ನೋಡಿದವರಿಗೆ ರಾಡ್ ಕಟ್ಟುವವರ ಬೇಡಿಕೆ ಎಷ್ಟು ಅಂತ ಗೊತ್ತೇ ಇದೆ. ಮಳೆಗೆ ಹೆದರಿ ಟೆರೇಸ್ ಮೇಲೆ ಟ್ರಸ್ (ಕಬ್ಬಿಣದ ಚೌಕಟ್ಟು) ಹಾಕಿ ಶೀಟ್ ಹೊದಿಸುವ ಮನೆಗಳೂ ಕಡಿಮೆಯಿಲ್ಲ. ಕೆಲಸ ಸಿಗುತ್ತದೆ. ವರ್ಷಗಳು ಕಳೆದರೂ ಹೆಲ್ಪರ್ ಆಗಿಯೇ ಉಳಿಯಬಾರದು ಅಂದರೆ ಮಾತ್ರ ಮೊದಲೇ ಯೋಚಿಸಬೇಕು.

ಮೊದಲ ಆಯ್ಕೆಯೇ ದೊಡ್ಡದು. ಐಟಿಐಯಲ್ಲಿ ವೆಲ್ಡರ್ ಕೋರ್ಸ್ 1 ವರ್ಷ, ಫಿಟ್ಟರ್ (ಯಂತ್ರದ ಭಾಗಗಳನ್ನು ಜೋಡಿಸುವ ಕೆಲಸ) 2 ವರ್ಷ. ಬೇಗ ಸಂಬಳ ಬೇಕು ಅನ್ನುವವರು ವೆಲ್ಡರ್‌ಗೆ ಹೋಗುವುದು ಸಹಜ. ಆದರೆ ಎಸ್‌ಎಸ್‌ಎಲ್‌ಸಿ ಜೊತೆ 2 ವರ್ಷದ ಐಟಿಐ ಇದ್ದರೆ ಲ್ಯಾಟರಲ್ ಎಂಟ್ರಿಯಲ್ಲಿ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಆದ ಮೇಲೆ ಹಾಗೆಯೇ ಬಿಟೆಕ್‌ನ ಎರಡನೇ ವರ್ಷಕ್ಕೆ. ಡಿಗ್ರಿಯ ಆಸೆ ಸ್ವಲ್ಪ ಇದ್ದರೂ ಫಿಟ್ಟರ್ ತಗೊಳ್ಳಿ ಅಂತಲೇ ನಾನು ಹೇಳುವುದು. ಪಾಲಿಟೆಕ್ನಿಕ್ ಕಾಞಂಗಾಡಿನಲ್ಲಿದೆ, ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಪೊವ್ವಲ್‌ನಲ್ಲಿದೆ. ಜಿಲ್ಲೆ ಬಿಟ್ಟು ಹೋಗಲೇಬೇಕು ಅಂತೇನಿಲ್ಲ.

ಐಟಿಐ ಆದ ಮೇಲೆ ಅಪ್ರೆಂಟಿಸ್‌ಶಿಪ್, ಅಂದರೆ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ. ಪರಿಚಯದವರ ವರ್ಕ್‌ಶಾಪಿನಲ್ಲಿ ಸುಮ್ನೆ ಕೆಲಸ ಕಲಿಯುವುದು ಬೇರೆ, ಇದು ಬೇರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಿಮಗೂ ಕಂಪನಿಗೂ ಒಪ್ಪಂದ ಆಗಬೇಕು, ಅದು ಸರಕಾರದ ಪೋರ್ಟಲ್‌ನಲ್ಲಿ ದಾಖಲಾಗಬೇಕು. ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಕಂಪನಿಯದ್ದು. ಎತ್ತರದಲ್ಲಿ ನಿಂತು ಮಾಡುವ ಕೆಲಸಕ್ಕೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಕೊನೆಗೆ ಪರೀಕ್ಷೆ, ಪಾಸಾದರೆ ರಾಷ್ಟ್ರಮಟ್ಟದ ಸರ್ಟಿಫಿಕೇಟ್. ತರಬೇತಿ ಮುಗಿದ ಮೇಲೆ ಅಲ್ಲೇ ನೌಕರಿ ಕೊಡಬೇಕೆಂಬ ಕಡ್ಡಾಯ ಕಂಪನಿಗೆ ಇಲ್ಲ, ಅದನ್ನು ನೆಚ್ಚಿ ಕೂರಬೇಡಿ. ಅಪಾಯದ ಉದ್ಯಮಗಳಿಗೆ 18 ವರ್ಷ ಆಗಿರಬೇಕು. ಕೊಚ್ಚಿನ್ ಶಿಪ್‌ಯಾರ್ಡ್, ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ, ಅವರ ಪ್ರಕಟಣೆ ನೋಡುತ್ತಿರಿ. ಡಿಪ್ಲೊಮಾ, ಬಿಟೆಕ್ ಆದವರಿಗೂ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಬೇರೆಯೇ ಇದೆ.

ಕೈಕೆಲಸ ಗೊತ್ತಿದ್ದವನಿಗೆ ಡಿಗ್ರಿ ಯಾಕೆ ಅಂತ ಕೇಳುತ್ತಾರೆ. ರಾಡಿನ ತೂಕದ ಲೆಕ್ಕವನ್ನೇ ನೋಡಿ. ಸೈಟಿನಲ್ಲಿ ಎಲ್ಲರೂ ಮಾಡುವುದು ಒಂದೇ: ವ್ಯಾಸದ ವರ್ಗವನ್ನು 162ರಿಂದ ಭಾಗಿಸುವುದು. 12 ಮಿಮೀ ರಾಡ್ ಆದರೆ 144 ÷ 162, ಅಂದರೆ ಮೀಟರಿಗೆ 0.89 ಕೆಜಿ. 12 ಮೀಟರಿನ ಒಂದು ರಾಡ್ ಸುಮಾರು 10.7 ಕೆಜಿ. ಈ 162 ಎಲ್ಲಿಂದ ಬಂತು? ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆಜಿ. ಅದನ್ನು ರಾಡಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ (ಚದರ ಮೀಟರಿನಲ್ಲಿ) ಗುಣಿಸಿ ನೋಡಿ, 162 ತಾನಾಗಿ ಬರುತ್ತದೆ. ಸೂತ್ರ ಹೀಗೆ ಅರ್ಥವಾದವನು ಚಪ್ಪಟೆ ಪಟ್ಟಿ, ಚೌಕ ಪೈಪು, ಪ್ಲೇಟ್ ಯಾವುದರ ತೂಕವನ್ನೂ ತಾನೇ ಲೆಕ್ಕ ಹಾಕುತ್ತಾನೆ. ಬಿಲ್ ಪರಿಶೀಲಿಸುವ ಕೆಲಸ ಅವನ ಕೈಗೆ ಬರುತ್ತದೆ.

ನಮ್ಮ ಮಳೆಗಾಲಕ್ಕೆ ಸರಿಯಾಗಿ ಒಪ್ಪುವ ಇನ್ನೊಂದು ಪಾಠ 7018 ಎಲೆಕ್ಟ್ರೋಡ್, ಅಂದರೆ ಲೇಪನ ಇರುವ ಒಂದು ಬಗೆಯ ವೆಲ್ಡಿಂಗ್ ಕಡ್ಡಿ. ಪ್ಯಾಕೆಟ್ ತೆರೆದಿಟ್ಟರೆ ಅದರ ಲೇಪನ ಗಾಳಿಯ ತೇವ ಹೀರುತ್ತದೆ. ಆ ನೀರು ಆರ್ಕ್‌ನ (ವೆಲ್ಡಿಂಗ್ ಮಾಡುವಾಗ ಉರಿಯುವ ವಿದ್ಯುತ್ ಕಿಡಿಯ) ಬಿಸಿಗೆ ಒಡೆದು ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ. ಬೆಸುಗೆ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ. ಬಿರುಕು ಬೀಳುವುದು ತಣ್ಣಗಾದ ಮೇಲೆ, ಕೆಲವೊಮ್ಮೆ ಮರುದಿನ. ದಪ್ಪ ಪ್ಲೇಟಿನಲ್ಲಿ, ಗಟ್ಟಿ ಉಕ್ಕಿನಲ್ಲಿ ಈ ಭಯ ಜಾಸ್ತಿ. ಅದಕ್ಕೇ ಅದನ್ನು ಓವನ್‌ನಲ್ಲಿ ಒಣಗಿಸಿ, ಬಿಸಿಯಾಗಿಯೇ ಇಟ್ಟು, ಬೇಕಾದಷ್ಟನ್ನೇ ಹೊರಗೆ ತೆಗೆಯಬೇಕು. ಅಪ್ರೆಂಟಿಸ್ ಆಗಿ ಸೇರಿದ ಕಡೆ ಆ ಓವನ್ ಎಲ್ಲಿದೆ, ಎಷ್ಟು ಡಿಗ್ರಿಗೆ ಇಟ್ಟಿದ್ದಾರೆ ಅಂತ ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ.