ಬಕೆಟ್ಟಿಗೆ ಹೋದ ಏಡಿಯ ಹೊಟ್ಟೆ

ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಓದಿದ ನನಗೆ ಏಡಿ ಅಂದರೆ ಮೊದಲು ನೆನಪಾಗುವುದು ಸಾರಲ್ಲ, ಪ್ರಯೋಗಾಲಯದ ಕ್ಲೋರೋಫಾರ್ಮ್ ವಾಸನೆ. ಮಳೆಗಾಲದಲ್ಲಿ ಕಲಘಟಗಿ ಕಡೆಯ ಗದ್ದೆಗಳಿಂದ ಗೋಣಿಚೀಲದಲ್ಲಿ ಏಡಿ ಬರುತ್ತಿದ್ದವು. ಮೇಣದ ಟ್ರೇಗೆ ಗುಂಡುಪಿನ್ನು ಚುಚ್ಚಿ, ಬೆನ್ನಚಿಪ್ಪು ಎತ್ತಿ, ಹೊಟ್ಟೆ ಕಿತ್ತು ಬಕೆಟ್ಟಿಗೆ ಹಾಕಿದ ಮೇಲೆ ನರಮಂಡಲ ಬಿಡಿಸುವ ಕೆಲಸ. ಕಣ್ಣುಗಳ ನಡುವೆ ಪುಟ್ಟ ಮಿದುಳು, ಅಲ್ಲಿಂದ ಅನ್ನನಾಳದ ಎರಡೂ ಬದಿಗೆ ಇಳಿದ ದಾರ, ಎದೆಯಡಿ ಒಂದೇ ಮುದ್ದೆಯಾಗಿ ಕೂಡಿಕೊಂಡ ನರಗ್ರಂಥಿ (ನರಕೋಶಗಳ ಗಂಟು), ಅದರ ನಡುವೆ ರಕ್ತನಾಳ ಹಾಯುವ ತೂತು. ಬಿಳಿ ನರ ಎದ್ದು ಕಾಣಲೆಂದು ಅಡಿಗೆ ಕಪ್ಪು ಕಾಗದದ ಚೂರು ತೂರಿಸುತ್ತಿದ್ದೆವು. ನನ್ನದು ಪರೀಕ್ಷೆಯ ದಿನವೇ ಹರಿಯಿತು. ಆ ಮಾತು ಬಿಡಿ.

ನರವಿಜ್ಞಾನಿಗಳಿಗೆ ಬೇಕಾಗಿದ್ದ ನರಗ್ರಂಥಿ ನಾವು ಎಸೆದ ಹೊಟ್ಟೆಯ ಮೇಲೇ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಏಡಿಯ ಹೊಟ್ಟೆಯೊಳಗೆ ಮೂರು ಹಲ್ಲುಗಳಿವೆ, ನಡುವೆ ಒಂದು, ಅಕ್ಕಪಕ್ಕ ಎರಡು. ತಿಂದದ್ದನ್ನು ಅವು ಬೀಸುಕಲ್ಲಿನಂತೆ ಅರೆಯುತ್ತವೆ, ಅದರ ನಂತರದ ಭಾಗ ಸೋಸುತ್ತದೆ. ಅರೆಯುವುದು, ಸೋಸುವುದು ಎರಡನ್ನೂ ನಡೆಸುವುದು ಸುಮಾರು 30 ನರಕೋಶಗಳ ಆ ಒಂದೇ ಗ್ರಂಥಿ. ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ಇವೆ. ಮೂವತ್ತೇ ಆದರೆ ಒಂದೊಂದಕ್ಕೂ ಹೆಸರಿಟ್ಟು, ಯಾವುದು ಯಾವುದರ ಮಾತು ಕೇಳುತ್ತದೆ ಅಂತ ಪಟ್ಟಿ ಮಾಡಬಹುದು.

1960ರ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಮೇನಾರ್ಡ್, ಆಮೇಲೆ ಸ್ಯಾನ್ ಡಿಯೇಗೊದಲ್ಲಿ ಅಲೆನ್ ಸೆಲ್ವರ್‌ಸ್ಟನ್, ಏಡಿಯ ಬಳಗದ ಲಾಬ್‌ಸ್ಟರ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಸೆಲ್ವರ್‌ಸ್ಟನ್ ಅವರ ಶಿಷ್ಯೆ ಈವ್ ಮಾರ್ಡರ್ ಅದನ್ನು ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜೋನಾ ಎಂಬ ಸಮುದ್ರದ ಏಡಿಯ ಮೇಲೆ ಮುಂದುವರಿಸಿದರು. ಏಡಿಯನ್ನು ಸುಮಾರು ಅರ್ಧ ಗಂಟೆ ಮಂಜುಗಡ್ಡೆಯಲ್ಲಿಟ್ಟು ಜಡಗೊಳಿಸಿ, ಹೊಟ್ಟೆ ತೆಗೆದು, ನರಜಾಲ ಬಿಡಿಸಿ ತಣ್ಣನೆಯ ಉಪ್ಪುನೀರಿನಲ್ಲಿ ಹರಡುತ್ತಾರೆ. ಅಲ್ಲಿ ದೇಹವಿಲ್ಲ, ಊಟವಿಲ್ಲ. ಆದರೂ ಸೋಸಲು ನರಕೋಶಗಳು ಕೊಡುವ ಸಂಕೇತದ ತಾಳ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಗಂಟೆಗಟ್ಟಲೆ ಬಡಿಯುತ್ತಲೇ ಇರುತ್ತದೆ.

2004ರಲ್ಲಿ ಮಾರ್ಡರ್ ತಂಡ ಈ ಜಾಲದ ಸರಳ ರೂಪವನ್ನು ಕಂಪ್ಯೂಟರಿನಲ್ಲಿ 2 ಕೋಟಿಗೂ ಹೆಚ್ಚು ಬಗೆಯಲ್ಲಿ ಕಟ್ಟಿ ನೋಡಿತು. ಒಳಗಿನ ಹೊಂದಿಕೆ ತೀರಾ ಬೇರೆಯಾದರೂ ಹೊರಗೆ ಅದೇ ತಾಳ ಬರುವ ಜಾಲಗಳು ರಾಶಿ ರಾಶಿ ಸಿಕ್ಕವು. ಇಬ್ಬರು ತಬಲಾದವರು ಬೇರೆ ಬೇರೆ ಬೆರಳಿಟ್ಟೂ ಒಂದೇ ತೀನ್‌ತಾಳ ಕೇಳಿಸಿದ ಹಾಗೆ. ಹತ್ತು ಏಡಿಗಳ ಸರಾಸರಿ ತೆಗೆದು ‘ಇದೇ ಏಡಿ’ ಎನ್ನುವ ಅಭ್ಯಾಸಕ್ಕೆ ಇದು ಕೊಟ್ಟ ಪೆಟ್ಟು ಸಣ್ಣದಲ್ಲ.

ಇತ್ತ ನಮ್ಮ ತರಗತಿಯಲ್ಲಿ ಕತ್ತರಿ ನಿಂತಿತು. 2011ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪ್ರಾಣಿ ಕೊಯ್ಯುವುದನ್ನು ಹಂತಹಂತವಾಗಿ ಬಿಡಿಸುವ ಮಾರ್ಗಸೂಚಿ ತಂದಿತು. 2014ರಲ್ಲಿ ಪೂರ್ತಿ ಬಿಡಿ ಎಂದಿತು. ನನಗೆ ಬೇಸರವಿಲ್ಲ. ಅಷ್ಟು ಏಡಿ ಕೊಯ್ದು ನಾವು ಕಲಿತದ್ದು ಒಂದು ಚಿತ್ರ ಬರೆಯುವಷ್ಟೇ. ಏಡಿಗೂ ನೋವಾಗುತ್ತದೆಯೇ ಅನ್ನುವ ಪ್ರಶ್ನೆಯೂ ಈಗ ಮೊದಲಿನಂತಿಲ್ಲ. 2022ರ ಬ್ರಿಟನ್ ಕಾನೂನು ಏಡಿ, ಲಾಬ್‌ಸ್ಟರ್‌ಗಳನ್ನು ಸಂವೇದನೆಯುಳ್ಳ ಪ್ರಾಣಿಗಳ ಸಾಲಿಗೆ ಸೇರಿಸಿದೆ.

ಮೊನ್ನೆ ಹುಬ್ಬಳ್ಳಿಯಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪಿನಲ್ಲಿ ಏಡಿ ಕೊಯ್ದು ತೋರಿಸಿದಳು. ಮೊದಲ ಕ್ಲಿಕ್ಕಿಗೆ ಚಿಪ್ಪು ಹೋಯಿತು. ಎರಡನೆಯದಕ್ಕೆ ಹೊಟ್ಟೆ.