ಮಳೆಗಾಲಕ್ಕೆ ಮುಂಚೆ ದೋಣಿಯ ಬ್ಯಾಟರಿ ಬಿಚ್ಚಿ

ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಮುಗಿಯುತ್ತಿದ್ದ ಹಾಗೆ ಕುಶಾಲನಗರದ ನಮ್ಮ ಬ್ಯಾಟರಿ ಅಂಗಡಿಗೆ ದೋಣಿಯವರು ಬರಲು ಶುರು ಮಾಡುತ್ತಾರೆ. ಹೋದ ವರ್ಷ ಒಬ್ಬರು ಆಟೋದಲ್ಲಿ ಬ್ಯಾಟರಿ ತಂದು ಟೇಬಲ್ ಮೇಲೆ ಕುಕ್ಕಿದರು. "ಏನಣ್ಣಾ, ಎರಡು ವರ್ಷನೂ ಬರ್ಲಿಲ್ವಲ್ಲ?"

ಮೀಟರ್ ಇಟ್ಟೆ. 9.8 ವೋಲ್ಟ್. ಫುಲ್ ಇದ್ದರೆ 12.6 ತೋರಿಸಬೇಕು.

"ಮಳೆಗಾಲದಲ್ಲಿ ಎಲ್ಲಿಟ್ಟಿದ್ರಿ?"

"ದೋಣಿಯಲ್ಲೇ ಇತ್ತು. ಟಾರ್ಪಾಲ್ ಹೊದಿಸಿದ್ದೆ."

ಅಲ್ಲೇ ಇತ್ತು ವಿಷಯ. ಟಾರ್ಪಾಲ್ ಸಂದಿಯಿಂದ ನೀರು ಇಳಿದಾಗೆಲ್ಲ ತಳದ ಆಟೋಮ್ಯಾಟಿಕ್ ಪಂಪು ತಾನೇ ಓಡಿದೆ. ಕೇಳುವವರಿಲ್ಲದೆ ಬ್ಯಾಟರಿ ಪೂರ್ತಿ ಬರಿದಾಗಿ, ಎರಡು ತಿಂಗಳು ಹಾಗೇ ಕೂತಿದೆ. ಚಾರ್ಜ್ ಇಳಿದಾಗ ಸೀಸದ ಪ್ಲೇಟ್ ಮೇಲೆ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ಬಿಟ್ಟರೆ ಹಳೆ ಜೇನಿನ ಹಾಗೆ ಹರಳುಗಟ್ಟುತ್ತದೆ. ಜೇನನ್ನಾದರೂ ಬಿಸಿಲಿಗಿಟ್ಟು ಕರಗಿಸಬಹುದು, ಇದನ್ನು ಕರಗಿಸುವುದು ಬಹಳ ಕಷ್ಟ.

ಚಳಿ ದೇಶಗಳಲ್ಲಿ ಕೆರೆ ಹೆಪ್ಪುಗಟ್ಟುವ ಮುಂಚೆ ಬ್ಯಾಟರಿ ಬಿಚ್ಚುತ್ತಾರೆ. ಖಾಲಿ ಬ್ಯಾಟರಿಯ ಆಸಿಡ್ ಹೆಚ್ಚುಕಮ್ಮಿ ನೀರಿನಷ್ಟು ತೆಳುವಾಗಿ, ಹೆಪ್ಪುಗಟ್ಟಿ ಡಬ್ಬಿಯನ್ನೇ ಒಡೆಯಬಹುದು. ಫುಲ್ ಚಾರ್ಜ್ ಇದ್ದರೆ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ನಮಗೆ ಆ ಗೋಳಿಲ್ಲ. ನಮ್ಮ ದೋಣಿಗಳಿಗೆ ರಜೆ ಕಾವೇರಿ ತುಂಬಿ ಹರಿಯುವ ಜೂನ್‌ನಿಂದ. ಕೊಡಗಿನ ತಂಪು ಬ್ಯಾಟರಿಗೆ ಒಳ್ಳೆಯದೇ. ಸೆಖೆ 10 ಡಿಗ್ರಿ ಏರಿದರೆ ಸುಮ್ನೆ ಕೂತ ಬ್ಯಾಟರಿ ಇಳಿಯುವ ವೇಗ ಹೆಚ್ಚುಕಮ್ಮಿ ಎರಡು ಪಟ್ಟು.

ತೊಂದರೆ ಕೊಡುವುದು ತೇವ. ಬ್ಯಾಟರಿ ತಲೆಯ ಮೇಲೆ ಧೂಳು, ಆಸಿಡ್ ಹನಿ, ಅದರ ಮೇಲೆ ನಮ್ಮ ಮಂಜು. ಮೀಟರಿನ ಒಂದು ಕಡ್ಡಿ ಪ್ಲಸ್‌ಗೆ ಇಟ್ಟು, ಇನ್ನೊಂದನ್ನು ಸುಮ್ನೆ ಪ್ಲಾಸ್ಟಿಕ್ ಮೇಲೆ ಆಡಿಸಿ ನೋಡಿ. ಮುಳ್ಳು ಅಲ್ಲಾಡಿದರೆ ಆ ಕೊಳೆಯಲ್ಲೇ ಕರೆಂಟು ಸೋರುತ್ತಿದೆ ಅಂತ. ಅಡುಗೆ ಸೋಡಾ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಮುಚ್ಚಳದೊಳಗೆ ಒಂದು ಹನಿಯೂ ಇಳಿಯಬಾರದು. ಒಣಗಿದ ಮೇಲೆ ಟರ್ಮಿನಲ್‌ಗೆ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಮೊದಲು ಮೈನಸ್, ಕಟ್ಟುವಾಗ ಕೊನೆಗೆ ಮೈನಸ್.

ನೀರು ಡಿಸ್ಟಿಲ್ಡ್ ಮಾತ್ರ. ಬಾವಿ ನೀರು ಬೇಡ, ಮಳೆ ನೀರೂ ಬೇಡ. ಪ್ಲೇಟ್ ಮುಳುಗುವಷ್ಟಿದ್ದರೆ ಚಾರ್ಜ್ ಆದ ಮೇಲೇ ಹಾಕಿ. ಕೆಲಸ ಕಲಿಯುವಾಗ ನಾನು ಮೊದಲೇ ಗಂಟಲುಮಟ್ಟ ತುಂಬಿಸಿದ್ದೆ. ಬೆಳಿಗ್ಗೆ ಆಸಿಡ್ ಉಕ್ಕಿ, ಕೆಳಗಿದ್ದ ಗೋಣಿಚೀಲದಲ್ಲಿ ತಟ್ಟೆಯಗಲದ ತೂತು. ಮಾಲೀಕರ ಬೈಗುಳ ಬೇರೆ!

ಎಲ್ಲಿ ಇಡಬೇಕು? ಗಾಳಿಯಾಡುವ ಒಣ ಜಾಗ ಸಾಕು. ಸಿಮೆಂಟ್ ನೆಲ ಚಾರ್ಜ್ ಎಳೆಯುತ್ತದೆ ಅನ್ನುವುದು ಹಳೆ ಕಾಲದ ಡಬ್ಬಿಗಳ ಮಾತು. ಆದರೆ ಮಳೆಗಾಲದಲ್ಲಿ ನಮ್ಮವರು ಎಲ್ಲವನ್ನೂ ಒಲೆ ಪಕ್ಕ ಒಣಗಿಸುತ್ತಾರೆ, ಅಲ್ವಾ? ಬ್ಯಾಟರಿ ಮಾತ್ರ ಅಲ್ಲಿ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು.

ತಿಂಗಳಿಗೊಮ್ಮೆ ಮೀಟರ್ ಹಿಡಿಯಿರಿ. 12.6 ಇದ್ದರೆ ಫುಲ್. 12.4ಕ್ಕೆ ಬಂದರೆ ಅವತ್ತೇ ಚಾರ್ಜ್‌ಗೆ ಹಾಕಿ. ನಾಳೆ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದಿರಬಹುದು. ಲಿಥಿಯಂ ಆದರೆ ಲೆಕ್ಕವೇ ಬೇರೆ, ಅರ್ಧ ಚಾರ್ಜ್‌ನಲ್ಲಿ ಇಡುವುದು ಒಳ್ಳೆಯದು.

ಕರೆಂಟು ಹೋದಾಗ ದೋಣಿ ಬ್ಯಾಟರಿಗೆ ಬಲ್ಬ್ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ಒಂದೆರಡು ಗಂಟೆಗೆ ತಪ್ಪೇನಿಲ್ಲ. ರಾತ್ರಿಯಿಡೀ ಉರಿಸಬೇಡಿ, ಎಂಜಿನ್ ಸ್ಟಾರ್ಟ್ ಮಾಡಲು ಇರುವ ಬ್ಯಾಟರಿಗೆ ಆ ತಾಳಿಕೆ ಇಲ್ಲ.