ಯುನಾನಿಯಲ್ಲಿ ಕಾಮಾಲೆಗೆ ಒಂದೇ ಮದ್ದು ಇದೆಯೇ?

ಮಳೆಗಾಲ ಹಿಡಿಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕಾಪುವಿನ ಓದುಗರೊಬ್ಬರು ಕೇಳಿದ್ದಾರೆ: "ತಮ್ಮನಿಗೆ ಅರಸಿನ ಮುಂಡಿಗೆಯಾಗಿದೆ. ಯುನಾನಿಯಲ್ಲಿ ಲಿವರಿಗೆ ಒಳ್ಳೆಯ ಮದ್ದಿದೆಯಂತೆ, ಹೆಸರು ತಿಳಿಸುವಿರಾ?" ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಕಣ್ಣು ಏಕೆ ಹಳದಿಯಾಯಿತೆಂದು ತಿಳಿಯದೆ, ಕ್ರಮವಾಗಿ ಕಲಿತ ಯಾವ ಹಕೀಮರೂ ಮದ್ದಿನ ಹೆಸರು ಹೇಳಲಾರರು.

ಯುನಾನಿಯ ಪ್ರಕಾರ ಹೃದಯ, ಮೆದುಳುಗಳ ಸಾಲಿನಲ್ಲಿ ಜಿಗರ್, ಅಂದರೆ ಯಕೃತ್ತು ಕೂಡ ಪ್ರಧಾನ ಅಂಗ. ಹೊಟ್ಟೆಯಲ್ಲಿ ಪಚನವಾದ ಆಹಾರದ ಸಾರ ಅಲ್ಲಿಗೆ ಬಂದು ದಮ್ (ರಕ್ತ), ಬಲ್ಗಮ್ (ಕಫ), ಸಫ್ರಾ (ಹಳದಿ ಪಿತ್ತ), ಸೌದಾ (ಕಪ್ಪು ಪಿತ್ತ) ಎಂಬ ನಾಲ್ಕು ರಸಗಳಾಗುತ್ತದೆ. ಈ ಸಫ್ರಾ ಮಿತಿಮೀರಿದರೆ ಅಥವಾ ಅದರ ದಾರಿ ಕಟ್ಟಿಕೊಂಡರೆ, ಅದು ರಕ್ತದೊಡನೆ ಮೈಯೆಲ್ಲ ಹರಡಿ ಯರ್ಕಾನ್, ಅಂದರೆ ಕಾಮಾಲೆ, ಕಾಣಿಸಿಕೊಳ್ಳುತ್ತದೆ.

ಹಳದಿ ಇಳಿಸುವ ಮದ್ದೇ ಲಿವರಿನ ಮದ್ದು, ಹಳದಿ ಇಳಿದರೆ ರೋಗ ಹೋಯಿತು ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಆಳವಾಗಿ ಬೇರೂರಿದೆ. ಇದಕ್ಕೆ ಯುನಾನಿಯಲ್ಲಿಯೇ ಆಧಾರವಿಲ್ಲ. ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ಕಾಲದಿಂದಲೂ ಹಕೀಮರು ಮೂತ್ರ ಮತ್ತು ಮಲದ ಬಣ್ಣ ನೋಡಿ, ದಾರಿ ಕಟ್ಟಿದ್ದರಿಂದ ಬಂದ ಕಾಮಾಲೆಯನ್ನು ಬೇರೆಯಾಗಿಯೇ ಗುರುತಿಸುತ್ತಾರೆ. ಮಲ ಬಿಳಿಚಿಕೊಂಡು, ಮೂತ್ರ ಕಡು ಬಣ್ಣಕ್ಕೆ ತಿರುಗಿ, ಮೈ ತುರಿಸುತ್ತಿದ್ದರೆ ಪಿತ್ತನಾಳದಲ್ಲಿ ಕಲ್ಲೋ ಗೆಡ್ಡೆಯೋ ಇರಬಹುದು. ಅದನ್ನು ಕಿರುನೆಲ್ಲಿಯ ರಸ ಕರಗಿಸುವುದಿಲ್ಲ, ಸ್ಕ್ಯಾನಿಂಗ್ ಆಗಲೇಬೇಕು. ಗದ್ದೆಯ ಕೆಸರಿನಲ್ಲಿ ದುಡಿದವರಿಗೆ ಜ್ವರ, ಮೀನಖಂಡದ ನೋವಿನೊಂದಿಗೆ ಕಣ್ಣು ಹಳದಿಯಾದರೆ ಅದು ಇಲಿಜ್ವರವಿರಬಹುದು. ಆಂಟಿಬಯೋಟಿಕ್ ತಡವಾದಷ್ಟೂ ಮೂತ್ರಪಿಂಡ, ಶ್ವಾಸಕೋಶಗಳಿಗೆ ಅಪಾಯ. ಇತ್ತ ಹೆಪಟೈಟಿಸ್ ಬಿ ವೈರಾಣು ಒಮ್ಮೆಯೂ ಹಳದಿ ತೋರಿಸದೆ ವರ್ಷಗಟ್ಟಲೆ ಯಕೃತ್ತನ್ನು ಕೆಡಿಸುತ್ತಿರಬಲ್ಲದು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮಾತ್ರ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಮತ್ತು ಆ ವಾರಗಳಲ್ಲಿ ಏನು ಕುಡಿದಿದ್ದರೋ ಅದಕ್ಕೆ ಪೂರ್ತಿ ಶ್ರೇಯಸ್ಸು ಸಲ್ಲುತ್ತದೆ. "ನಮ್ಮವರಿಗೆ ಗುಣವಾಗಿದೆ" ಎನ್ನುವವರ ಮಾತು ಸುಳ್ಳಲ್ಲ, ಆದರೆ ಗುಣಪಡಿಸಿದ್ದು ಯಾವುದೆಂದು ಅದರಿಂದ ತಿಳಿಯದು.

ಯುನಾನಿ ಮದ್ದುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಕೃತ್ತಿನ ಊತಕ್ಕೆ ಕಾಸ್ನಿ, ಅಂದರೆ ಚಿಕೋರಿ ಗಿಡ, ಮತ್ತು ಮಕೋ, ಅಂದರೆ ನಮ್ಮ ಗಣಿಕೆ ಸೊಪ್ಪು, ಇವುಗಳ ಹಸಿ ರಸವನ್ನು ಕಾಯಿಸಿ, ಹಸಿರು ಭಾಗ ಒಡೆದು ಬೇರ್ಪಟ್ಟ ಮೇಲೆ ಸೋಸಿ ಕೊಡುವ ಪದ್ಧತಿಯ ಹಿಂದೆ ದೊಡ್ಡ ಅನುಭವವಿದೆ. ಆದರೆ ಅದು ಕಾರಣ ತಿಳಿದ ಮೇಲಿನ ಮಾತು. ಮೊದಲು ರಕ್ತಪರೀಕ್ಷೆ ಆಗಲಿ, ಅದರ ವರದಿಯೊಂದಿಗೆ ನೋಂದಾಯಿತ ಯುನಾನಿ ವೈದ್ಯರನ್ನು ಕಾಣಿರಿ, ಎರಡೂ ಕಡೆಯ ವೈದ್ಯರಿಗೆ ಎಲ್ಲ ಮದ್ದುಗಳನ್ನೂ ತಿಳಿಸಿರಿ. ರೋಗಿ ಅಸಂಬದ್ಧ ಮಾತಾಡಿದರೆ, ಅತಿಯಾಗಿ ನಿದ್ದೆಗೆ ಜಾರಿದರೆ ಅಥವಾ ರಕ್ತ ವಾಂತಿ ಮಾಡಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಓದುಗರು ಕೇಳದಿದ್ದರೂ ಪಥ್ಯದ ಬಗ್ಗೆ ಹೇಳಲೇಬೇಕು. ಅಡುಗೆಯ ಅರಸಿನದಿಂದ ಕಾಮಾಲೆ ಹೆಚ್ಚುವುದಿಲ್ಲ. ಕಣ್ಣಿನ ಹಳದಿಗೆ ಕಾರಣ ರಕ್ತದಲ್ಲಿ ಏರಿದ ಬಿಲಿರುಬಿನ್ ಎಂಬ ಪಿತ್ತದ ಹಳದಿ ಬಣ್ಣದ ವಸ್ತು. ವಾರಗಟ್ಟಲೆ ಉಪ್ಪಿಲ್ಲದ ಗಂಜಿ ಕೊಟ್ಟು ಮೀನು, ಬೇಳೆ ಎಲ್ಲವನ್ನೂ ನಿಲ್ಲಿಸಿದರೆ ರೋಗಿ ಸೊರಗುತ್ತಾನೆ. ಹೊಟ್ಟೆಯಲ್ಲಿ ನೀರು ತುಂಬಿದವರು ವೈದ್ಯರು ಹೇಳಿದಂತೆ ಉಪ್ಪು ಕಡಿಮೆ ಮಾಡಲಿ. ಉಳಿದವರು ಹಸಿವಾದರೆ ಎಣ್ಣೆ ಕಡಿಮೆ ಹಾಕಿದ ಬಂಗುಡೆ ಗಸಿಯನ್ನು ಧಾರಾಳವಾಗಿ ಉಣ್ಣಬಹುದು.